ಕಿಟಕಿ ಕಡೆಗೆ ತಲೆ

ಅಲ್ಲಲ್ಲ, ಅಲ್ಲಿ ಕೈ ಇಡಬೇಡ, ವಾರ್ನಿಶ್ ಇನ್ನೂ ಅಂಟುತ್ತೆ. ಈ ಕಡೆ ಹಿಡ್ಕೊ... ಹಾಂ. ಮೊದಲು ಒಳಗೆ ಬಾ ಅತ್ತಿಗೆ, ಬೈಯೋದು ಆಮೇಲೆ. ಮೆಟ್ಟಿಲ ಮೇಲೆ ನಿಂತು ಬೈದರೆ ಇಡೀ ಕ್ಯಾಂಪಿಗೆ ಕೇಳಿಸುತ್ತೆ. ಮೇ ತಿಂಗಳಲ್ಲಿ ಇಲ್ಲಿ ಇರೋರೆಲ್ಲ ಪಿಂಚಣಿದಾರರು. ಊಟಕ್ಕೆ ಕರೆದರೆ ಕೇಳಿಸಲ್ಲ, ಇಂಥದ್ದು ಮಾತ್ರ ಸಮುದ್ರದ ಆಚೆ ದಡಕ್ಕೂ ಕೇಳಿಸುತ್ತೆ.

ಹೂಂ, ನಿನ್ನದೇ. ಕ್ಯಾರವಾನ್ ನಿನ್ನದೇ, ನಾನೇನು ಇಲ್ಲ ಅಂದೆನಾ? ಅಪ್ಪ ಎಪ್ಪತ್ತೆಂಟರಲ್ಲಿ ಕೊಂಡಿದ್ದು. ಅಪ್ಪನಿಂದ ಅಣ್ಣ ದ್ರಾಗೊಗೆ ಬಂತು, ದ್ರಾಗೊ ಹೋದ ಮೇಲೆ ಅವನ ಹೆಂಡತಿಗೆ. ತಂಗಿಗೆ ಇದರಲ್ಲಿ ಒಂದು ಸ್ಕ್ರೂ ಕೂಡ ಸೇರಬೇಕಾಗಿಲ್ಲ. ಗಾಳಿಯಾಡಿಸು ಅಂತ ನೀನು ಬೀಗದಕೈ ಕೊಟ್ಟೆ, ನಾನು ಗರಗಸ ತಂದೆ. ತಪ್ಪು. ಒಪ್ಪಿಕೊಂಡೆ. ಮತ್ತೆ... ಕೊಳ್ತೀನಿ ಅಂದಿದ್ದ ಆ ಜಾಗ್ರೆಬ್‌ನವನು ಬೇಡ ಅಂದನಾ? ಹಳೇದು ಹಳೇ ಥರವೇ ಇರಬೇಕು ಅಂತಿದ್ದನಲ್ಲ, ಫೋಟೊ ನೋಡಿಯೇ ಜೊಲ್ಲು ಸುರಿಸ್ಕೊಂಡು. ಬೇಡ ಅಂದರೆ ಒಳ್ಳೇದೇ ಆಯ್ತು. ಇದನ್ನ ಮಾರಬೇಡ, ನೆವೆಂಕ. ಈ ಬೇಸಿಗೆ ನೀನು ಇಲ್ಲಿ ಬಂದು ಮಲಗಬೇಕು. ಅಷ್ಟು ಹೇಳೋಕೇ ಕರೆಸಿದ್ದು.

ಕೂತ್ಕೊ. ಎಲ್ಲಿ ಅಂದರೆ? ಇದರ ಮೇಲೇ. ಬೇರೆ ಜಾಗ ಎಲ್ಲಿದೆ, ಎಲ್ಲಾ ಮಂಚವೇ ನುಂಗಿದೆ.

ಗೇಣು ಹಾಕ್ತಿದ್ದೀಯಾ? ಹಾಕು, ಹಾಕು. ನೂರ ಅರವತ್ತು ಸೆಂಟಿಮೀಟರ್ ಅಗಲ. ಮೊದಲಿದ್ದದ್ದು ನೂರ ಹದಿನೈದು, ಅದನ್ನ ಮಂಚ ಅಂತ ಕರೆಯೋದಾದರೆ. ರಾತ್ರಿ ಊಟದ ತಟ್ಟೆ ಎತ್ತಿ, ಮೇಜಿನ ಕಾಲು ಮಡಚಿ, ಹಲಗೆಯನ್ನ ಎರಡು ಬೆಂಚಿನ ನಡುವೆ ಇಳಿಸಿ, ಮೇಲೆ ನಾಲ್ಕು ಮೆತ್ತೆ ಜೋಡಿಸೋದು. ಬೆಳಿಗ್ಗೆ ಕಾಫಿಗೆ ಮೇಜು ಬೇಕಾದರೆ ಮತ್ತೆ ಎಲ್ಲಾ ಕಿತ್ತು ಕಟ್ಟೋದು. ಇಪ್ಪತ್ತಾರು ಬೇಸಿಗೆ ಅದನ್ನೇ ಮಾಡಿದೆ ನೀನು. ನಮ್ಮಣ್ಣ ನೂರು ಕಿಲೊ, ಅವನು ಹೊರಳಿದರೆ ನೀನು ಮೆತ್ತೆ ಸಂದಿಗೆ. ಡಬ್ಬಿಯೊಳಗಿನ ಮೀನಿಗಾದರೂ ಸುತ್ತ ಎಣ್ಣೆ ಇರುತ್ತೆ ಅಂತ ನೀನೇ ಅಂತಿದ್ದೆ. ಈಗ ನೋಡು, ಕಿತ್ತು ಕಟ್ಟೋದು ಏನೂ ಇಲ್ಲ, ಬಂದು ಬಿದ್ದುಕೊಂಡರಾಯ್ತು. ನಿನ್ನ ಸೊಂಟಕ್ಕೆ ಅಂತಲೇ ಮಾಡಿಸಿದ್ದು.

ಬೀರು? ಬಟ್ಟೆ ಬೀರು... ಅದೊಂದು ಕಥೆ. ಅದು ಇದ್ದಿದ್ದು ಇಲ್ಲೇ, ನಿನ್ನ ಮೊಣಕಾಲು ಇರುವಲ್ಲಿ. ಅದಿದ್ದರೆ ನೂರ ಅರವತ್ತು ಹಿಡಿಸಲ್ಲ. ಒಂದು ಕಡೆ ಚಕ್ರದ ಗೂಡು ಉಬ್ಬಿಕೊಂಡಿದೆ, ಇನ್ನೊಂದು ಕಡೆ ಒಲೆ. ತೆಗೀಬೇಕಾದ್ದು ಬೀರೊಂದೇ. ನಾನು ಭೂಗೋಳ ಕಲಿಸೋಳು. ಆಲ್ಪ್ಸ್ ಪರ್ವತ ಹೇಗೆ ಎದ್ದಿತು ಅಂತ ಮಕ್ಕಳಿಗೆ ಹೇಳಬಲ್ಲೆ, ಕ್ಯಾರವಾನಿನ ಸೂರು ಹೇಗೆ ನಿಂತಿದೆ ಅಂತ ನನಗೇನು ಗೊತ್ತು? ಎಂಟು ಸ್ಕ್ರೂ ಬಿಚ್ಚಿದೆ, ಬೀರು ಎಳೆದೆ. ಮೇಲೆ ಕಿರ್‌ ಅಂತು. ತಲೆ ಎತ್ತಿ ನೋಡಿದರೆ ಸೂರು ನಾಲ್ಕು ಬೆರಳು ಕೆಳಗೆ ಬಂದಿದೆ, ಆಚೆ ಗೋಡೆ ಗರ್ಭಿಣಿ ಹೊಟ್ಟೆ ಥರ. ಎರಡೂ ಕೈಯಲ್ಲಿ ಸೂರು ಹೊತ್ತುಕೊಂಡು ನಿಂತೆ ಅತ್ತಿಗೆ, ಕಾಲು ಗಂಟೆ. ಬಿಟ್ಟರೆ ಬೀಳುತ್ತೆ, ಬಿಡದಿದ್ದರೆ ಯಾರನ್ನ ಕರೆಯೋದು? ಕೊನೆಗೆ ಕಾಲಲ್ಲಿ ಬಾಗಿಲು ಒದ್ದು ಒದ್ದು ತೋಮೆ ಮಾವನನ್ನ ಕರೆದೆ. ಅದೇ, ದೋಣಿ ಕಟ್ಟುವ ಮುದುಕ. ಓಡಿ ಬಂದು ದೋಣಿಯ ಹುಟ್ಟನ್ನೇ ಊರಿ ನಿಲ್ಲಿಸಿದ. ಆಮೇಲೆ ಟೋಪಿ ತೆಗೆದು ನನ್ನ ಮುಖ ನೋಡಿದ. ಈ ಹಳೇ ಗಾಡಿಗಳಲ್ಲಿ ಬೀರು ಅಂದರೆ ಬರೀ ಬೀರು ಅಲ್ಲವಂತೆ. ಕಂಬ, ತೊಲೆ ಅಂತ ಬೇರೆ ಏನೂ ಇರಲ್ಲವಂತೆ, ಸಾಮಾನೇ ಸೂರು ಹೊರೋದಂತೆ. ನಲವತ್ತೈದು ವರ್ಷ ನಿಮ್ಮ ಕೋಟು ಅಂಗಿ ಜೊತೆ ಸೂರನ್ನೂ ಹೊತ್ತುಕೊಂಡು ನಿಂತಿತ್ತು, ನೀನು ಬಂದು ಅದನ್ನೇ ಕಿತ್ತೆಯಲ್ಲ ಮಗಳೇ, ಅಂದ.

ನಗು ಬರಲಿಲ್ಲವಾ? ಪೇಟೆಯಲ್ಲಿ ಎಲ್ಲರೂ ನಕ್ಕರು.

ಅದಕ್ಕೇ ಈ ಕಂಬ ಬಂದಿದ್ದು, ಕಾಲ ಬಳಿ. ಗಟ್ಟಿ ಆಶ್ ಮರ, ತೋಮೆ ಮಾವನೇ ಕೆತ್ತಿ ಕೂರಿಸಿದ್ದು. ಬಟ್ಟೆ ಎಲ್ಲಾ ಮಂಚದ ಕೆಳಗೆ, ಈ ಮುಚ್ಚಳ ಎತ್ತಿದರೆ ಸಿಗುತ್ತೆ. ಎತ್ತಬೇಡ ಈಗ. ಕಾಫಿ ಕುಡಿ. ನೀನು ಮಾಡುವ ಹಾಗೇ ಮೂರು ಸಲ ಉಕ್ಕಿಸಿದ್ದೀನಿ. ಕುಡಿಯಲ್ಲವಾ? ಇರಲಿ, ಅಲ್ಲೇ ಇರಲಿ.

ನನಗೆ ಗೊತ್ತು ನೀನು ಯಾಕೆ ಮಾರಬೇಕು ಅಂತೀಯ ಅಂತ. ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ, ನನ್ನ ಎದುರಿಗೇ ಕೂತು ಹೇಳಿದೆಯಲ್ಲ. ‘ಲೋಕ ಬಿಡೋಕೆ ಮೊದಲೇ ಅವನು ನನ್ನ ಹಾಸಿಗೆ ಬಿಟ್ಟಿದ್ದ’ ಅಂದೆ ನೀನು. ಪಾದ್ರಿ ಸೂಪಿನ ಚಮಚ ಕೆಳಗಿಟ್ಟ.  ನಾನು ನನ್ನ ಸೂಪು ಮುಗಿಸಿದೆ.

ಹೋದ ಆಗಸ್ಟ್ ನನಗೆ ಮರೆತಿಲ್ಲ. ನನ್ನ ಡೇರೆ ಇದ್ದಿದ್ದೇ ಹತ್ತು ಹೆಜ್ಜೆ ಆಚೆ. ಅವನು ಮಡಚುವ ಮಂಚ ತಗೊಂಡು ಪೈನ್ ಮರದ ಕೆಳಗೆ ಹೋಗಿ ಮಲಗಿದ. ಸೆಖೆ ಅಂದ. ನಿನ್ನ ಕಾಲು ತಾಗುತ್ತೆ ಅಂದ. ಇಪ್ಪತ್ತಾರು ವರ್ಷ ತಾಗದ ಕಾಲು ಈಗ ತಾಗ್ತದಾ ಅಂತ ನೀನು ಕೇಳಿದೆ. ಪಕ್ಕದ ಡೇರೆಯಲ್ಲಿ ಆ ಚೆಕ್ ದೇಶದ ವಿಧವೆ ಬೇರೆ, ಬೆಳಗಾದರೆ ಒದ್ದೆ ಕೂದಲು ಬಿಟ್ಟುಕೊಂಡು ಯೋಗ ಮಾಡೋಳು. ಕ್ಯಾಂಪಿನವರಿಗೆ ಅಷ್ಟು ಸಾಕಾಯ್ತು. ಬೆಳಿಗ್ಗೆ ನಲ್ಲಿ ಹತ್ತಿರ ನಿನ್ನ ಕಂಡರೆ ಮಾತು ನಿಲ್ಲಿಸೋರು. ಮಾತೆ ಮರಿಯಮ್ಮನ ಹಬ್ಬದ ಬೆಳಿಗ್ಗೆ ನೀನು ಅವನ ದಿಂಬು ಎತ್ತಿ ಹೊರಗೆ ಎಸೆದೆ. ಅಲ್ಲೇ ಇರು ಹಾಗಾದರೆ, ಅಂದೆ. ಅವನು ಬಗ್ಗಿ ಎತ್ತಿಕೊಂಡು, ಪೈನ್ ಸೂಜಿ ಕೊಡವಿದ. ಅಷ್ಟೇ.

ಆ ಹೆಂಗಸಿನ ಜೊತೆ ಏನೂ ಇರಲಿಲ್ಲ ಅತ್ತಿಗೆ. ನನಗೆ ಖಂಡಿತ ಗೊತ್ತು. ಹೇಗೆ ಅಂದರೆ... ನನ್ನಣ್ಣ, ನನಗೆ ಗೊತ್ತಾಗಲ್ಲವಾ?

ಏನು ನೋಡ್ತಿದ್ದೀಯ? ದಿಂಬಾ? ಹೌದು, ತಲೆ ಕಿಟಕಿ ಕಡೆ. ಗೊತ್ತು, ಗೊತ್ತು, ನಿನಗೆ ಕಿಟಕಿ ಕೆಳಗೆ ತಲೆ ಇಟ್ಟು ಮಲಗಿದರೆ ಕುತ್ತಿಗೆ ಹಿಡಿಯುತ್ತೆ, ಕಿವಿ ಸೋರುತ್ತೆ, ಹಲ್ಲು ಉದುರುತ್ತೆ. ಪ್ರೊಪುಹ್. ಎರಡು ಕಿಟಕಿ ನಡುವೆ ಹಾಯುವ ಗಾಳಿ ಕಂಡರೆ ನಮ್ಮ ದೇಶದಲ್ಲಿ ಸೈತಾನನಿಗಿಂತ ಹೆದರಿಕೆ. ಅವನ ಕೆಮ್ಮಿಗೂ ಅದನ್ನೇ ಅಂದೆವಲ್ಲ ಎಲ್ಲರೂ. ಕಾರಿನ ಗಾಜು ಇಳಿಸಿಕೊಂಡು ಬಂದ, ಗಾಳಿ ಹೊಡೀತು ಅಂತ. ನೀನು ಎರಡೂ ಕಿಟಕಿ ಮುಚ್ಚಿ, ಸಂದಿಗೆ ಟವೆಲ್ ತುರುಕಿ, ಅವನ ಎದೆಗೆ ಹಂದಿ ಕೊಬ್ಬು ತಿಕ್ಕಿದೆ. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಆದರೆ ತಲೆ ಈ ಕಡೆಯೇ ಬರಬೇಕಿತ್ತು. ಕಿಟಕಿ ಪೂರ್ತಿ ತೆರೆಯೋ ಹಾಗಿರಬೇಕು, ತಲೆ ಕಡೆ ಒಂದು ಗೇಣು ಎತ್ತರ, ಒರಗಿ ಕೂತ ಹಾಗೆ, ಆಗ ಮಾತ್ರ ಉಸಿರು ಸಲೀಸು, ನಿನಗೂ ಆಚೆ ಕಡೆ ತೊಂದರೆ ಇಲ್ಲದೆ ನಿದ್ದೆ ಬರುತ್ತೆ ಅಂತ ಅವನೇ...

ಯಾವತ್ತೋ ಹೇಳಿದ್ದ. ಸುಮ್ಮನೆ ಮಾತಿಗೆ.

ಮೇ ತಿಂಗಳಲ್ಲಿ.

ಹೋದ ವರ್ಷದ ಮೇ, ಮತ್ತೆ ಯಾವುದು. ನೀನು ಲೆಕ್ಕ ಹಾಕ್ತಿದ್ದೀಯ. ಹಾಕಬೇಡ, ನಾನೇ ಹೇಳ್ತೀನಿ. ನೀನು ಅಂದುಕೊಂಡಿದ್ದೀಯಲ್ಲ, ಸೆಪ್ಟೆಂಬರಿನಲ್ಲಿ ಕುಸಿದು ಬಿದ್ದಾಗಲೇ ಅವನಿಗೂ ಕಾಯಿಲೆ ಗೊತ್ತಾಗಿದ್ದು ಅಂತ. ಅಲ್ಲ. ಏಪ್ರಿಲ್‌ನಲ್ಲೇ ಗೊತ್ತಿತ್ತು. ಕಾರಿನ ಬಿಡಿಭಾಗ ನೋಡೋಕೆ ರಿಯೆಕಾಗೆ ಹೋದನಲ್ಲ, ನಾನು ಕರಕೊಂಡು ಹೋಗಿದ್ದೆನಲ್ಲ, ಅದು ಆಸ್ಪತ್ರೆಗೆ. ಎದೆಯೊಳಗೆ ಇಷ್ಟು ದಪ್ಪ ಗಡ್ಡೆ. ಒಂದು ಬೇಸಿಗೆ ಸಮುದ್ರ ನೋಡ್ತೀನಿ, ಆಮೇಲೆ ಏನು ಬೇಕಾದರೂ ಚುಚ್ಚಿ ಅಂದ ಡಾಕ್ಟರಿಗೆ. ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಸುರುಳಿ ಸಾಸೇಜು ತಿಂದೆವು. ಅವನು ಎರಡು ತಿಂದ.

ಚಪ್ಪಟೆ ಮಲಗಿದರೆ ಉಸಿರು ಕಟ್ಟೋದು ಅವನಿಗೆ. ಅದಕ್ಕೆ ಈ ಮಂಚ. ಮೇ ತಿಂಗಳಲ್ಲಿ ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟ. ನೂರ ಅರವತ್ತು, ತಲೆ ಕಿಟಕಿಗೆ. ನೀನು ರಜೆಯಲ್ಲಿ ಖಾಲಿ ಇರ್ತೀಯಲ್ಲ ಯಾಸ್ನಾ, ಯಾರನ್ನಾದರೂ ಹಿಡಿದು ಮಾಡಿಸು ಅಂದ. ಪರೀಕ್ಷೆ ಮುಗೀಲಿ ಅಂದೆ. ಆಮೇಲೆ ಜುಲೈ, ಬಡಗಿಗಳು ಸಿಗಲ್ಲ ಅಂದೆ. ಮಂಚ ಆಗಿದ್ದರೆ ಅವನು ಹೊರಗೆ ಹೋಗ್ತಿರಲಿಲ್ಲ. ನಿನ್ನ ಪಕ್ಕದಲ್ಲೇ ಒರಗಿ ಕೂತು ಉಸಿರಾಡ್ತಿದ್ದ. ಈಗ ತಿಳೀತಾ? ಅವನು ನಿನ್ನ ಬಿಟ್ಟು ಹೋಗಲಿಲ್ಲ. ಗಾಳಿ ಹುಡುಕಿಕೊಂಡು ಹೋದ. ಇದನ್ನ ಹೇಳೋಕೇ ಅತ್ತಿಗೆ, ಇಷ್ಟೆಲ್ಲ ಗರಗಸ, ವಾರ್ನಿಶ್. ಬಾಯಲ್ಲಿ ಹೇಳೋಕೆ ಆಗದೆ ಮರದಲ್ಲಿ ಹೇಳೋಕೆ ಹೋದೆ.

ಹಾಗೆ ನೋಡಬೇಡ. ನನ್ನ ಬಾಯಿ ಕಟ್ಟಿಹಾಕಿದ್ದ. ಅವನೇ ಆಣೆ ಹಾಕಿಸಿದ. ನೆವೆಂಕಗೆ ಹೇಳಬೇಡ, ನನ್ನ ಕೊನೇ ಬೇಸಿಗೆ ಹಾಳಾಗೋದು ಬೇಡ ಅಂದ. ಸಾಯುವವನ ಮಾತು, ನಾನೇನು ಮಾಡಲಿ.

ಕಾಫಿ ಆರಿಹೋಯ್ತು. ಬಿಸಿ ಮಾಡಲಾ?

ಏನಾದರೂ ಅನ್ನು. ಬೈಯಿ. ನಿನ್ನ ಬೈಗುಳ ನನಗೆ ಹೊಸದಲ್ಲ, ತಡ್ಕೋತೀನಿ. ಕೂತ್ಕೊಂಡು ಹೀಗೆ... ನೆವೆಂಕ.

ಆಣೆ ಹಾಕಿಸಲಿಲ್ಲ.

ಹೇಳು ಅಂದ. ಜುಲೈ ಕೊನೆಗೆ, ಆ ಕಲ್ಲಿನ ದಂಡೆ ಮೇಲೆ ಕೂತು. ‘ನೀನೇ ಅವಳಿಗೆ ಹೇಳು. ನಾನು ಶುರು ಮಾಡ್ತೀನಿ, ಟಯರಿನ ಮಾತು ಬಂದುಬಿಡುತ್ತೆ. ನನ್ನಿಂದ ಆಗ್ತಿಲ್ಲ.’ ಹೂಂ ಅಂದೆ. ಅವತ್ತು ನೀನು ಪೇಟೆಗೆ ಹೋಗಿದ್ದೆ. ಮರುದಿನ ನಿನ್ನ ಮುಖ ಚೆನ್ನಾಗಿರಲಿಲ್ಲ. ಅದರ ಮರುದಿನ ಚೆನ್ನಾಗಿತ್ತು, ಕೆಡಿಸೋದು ಬೇಡ ಅನ್ನಿಸ್ತು. ಇದನ್ನೆಲ್ಲ ನಾನು ನನಗೇ ಹೇಳಿಕೊಂಡಿದ್ದು. ನಿಜ ಬೇರೆ. ನೀನು ಬಂದ ಮೇಲೆ ಅಣ್ಣನದೆಲ್ಲ ನಿನ್ನದಾಯ್ತು. ಅವನ ಭಾನುವಾರ, ಅವನ ಜೋಕು, ಅಪ್ಪನ ಕ್ಯಾರವಾನ್ ಕೂಡ. ನನಗೆ ಹತ್ತು ಹೆಜ್ಜೆ ಆಚೆ ಒಂದು ಡೇರೆ. ಇದೊಂದನ್ನ ಮಾತ್ರ ಅವನು ಮೊದಲು ನನ್ನ ಹತ್ತಿರ ತಂದಿದ್ದ. ಹೇಳಿಬಿಟ್ಟರೆ ಇದೂ ನಿನ್ನದಾಗುತ್ತೆ. ನೀನು ಅಳ್ತೀಯ, ಅವನು ನಿನ್ನ ಸಮಾಧಾನ ಮಾಡ್ತಾನೆ, ನಾನು ಪಾತ್ರೆ ತೊಳೀತೀನಿ. ಒಂದು ವಾರ ಇಟ್ಟುಕೊಳ್ಳೋಣ ಅನ್ನಿಸ್ತು. ಬರೀ ಒಂದು ವಾರ.

ಅವನು ದಿನಾ ಕೇಳೋನು. ನಲ್ಲಿ ಹತ್ತಿರ, ಹಲ್ಲುಜ್ಜುತ್ತಾ, ಹುಬ್ಬು ಎತ್ತಿ. ಒಂದು ಬೆಳಿಗ್ಗೆ ನನಗೆ ನಾಚಿಕೆಯಾಯ್ತು. ಹೇಳಿದೆ ಅಂದೆ.

‘ಏನಂದಳು?’

ಅತ್ತಳು ಅಂದರೆ ಓಡಿ ಬಂದು ನಿನ್ನ ತಬ್ಬಿಕೊಳ್ಳೋನು, ನನ್ನ ಸುಳ್ಳು ಬಯಲಾಗೋದು. ಅದಕ್ಕೆ... ಏನೂ ಅನ್ನಲಿಲ್ಲ ಅಂದೆ.

ತಲೆ ಆಡಿಸಿದ. ಬಾಯಿ ಮುಕ್ಕಳಿಸಿದ. ಅವತ್ತು ಸಂಜೆಯೇ ಮಡಚುವ ಮಂಚ ತಗೊಂಡು ಮರದ ಕೆಳಗೆ ಹೋದದ್ದು. ಆ ಇಡೀ ಆಗಸ್ಟ್, ಹಗಲು ಅವನು ಒಳಗೆ ಬಂದರೆ ನೀನು ಕಿಟಕಿಗೆ ಟವೆಲ್ ತುರುಕುವಾಗ, ದಿಂಬು ಎಸೆಯುವಾಗ, ಎಲ್ಲಾ ಗೊತ್ತಿದ್ದೇ ಮಾಡ್ತಿದ್ದಾಳೆ ಅಂದುಕೊಂಡಿದ್ದ.

ಸೆಪ್ಟೆಂಬರಿನಲ್ಲಿ ಡಾಕ್ಟರ್ ನಿನಗೆ ಹೇಳಿದಾಗ ನೀನು ಆಸ್ಪತ್ರೆ ನೆಲದ ಮೇಲೇ ಕೂತುಬಿಟ್ಟೆ. ಆಗ ಅವನಿಗೆ ತಿಳೀತು. ಮೊದಲು ನಿನ್ನ ನೋಡಿದ. ಆಮೇಲೆ ನಿನ್ನ ತಲೆ ಮೇಲಿಂದ ನನ್ನ ನೋಡಿದ. ನಲವತ್ತು ದಿನ ಇದ್ದ ಇನ್ನೂ. ದಿನಾ ಹೋಗಿ ಮಂಚದ ಪಕ್ಕ ಕೂರೋಳು ನಾನು, ಇವತ್ತು ಕೇಳ್ತಾನೆ ಅಂತ. ನಿನ್ನ ಹತ್ತಿರವೂ ಹೇಳಲಿಲ್ಲ, ನನ್ನನ್ನೂ ಕೇಳಲಿಲ್ಲ.  ಸುಮ್ಮನೆ ನೋಡ್ತಿದ್ದ.

ಹೀಗೇ. ಈಗ ನೀನು ನೋಡ್ತಿದ್ದೀಯಲ್ಲ, ಹೀಗೇ.