ತಾಂಪೊ ಅಂದ್ರೆ ಕೋಪ ಅಲ್ಲ

...ಅಲ್ಲಾಡಬೇಡ ಅಣ್ಣ, ಕ್ಷೌರದ ಕತ್ತಿ ಕೈಲಿದೆ. ಬಾಯಿಗೆ ನೊರೆ ಹೋಗುತ್ತೆ, ನೀನು ಮಾತಾಡಬೇಕಾಗಿಲ್ಲ. ನಾನೇ ಹೇಳ್ತೀನಿ.

ಏನು ಹೇಳ್ತಿದ್ದೆ ನಾನು? ಆ ಬಿಳಿಯನ ವಿಷಯ. ಚರ್ಚಿನ ಹಿಂದಿನ ಶಾಲೇಲಿ ಇಂಗ್ಲಿಷ್ ಹೇಳ್ಕೊಡೋಕೆ ಬಂದಿದಾನೆ. ಹೋದ ವಾರ ಇದೇ ಕುರ್ಚೀಲಿ ಕೂತಿದ್ದ. ನಮ್ಮ ತಗಾಲಾಗ್ ಭಾಷೆ ಕಲೀತಿದಾನಂತೆ. ಜೇಬಲ್ಲಿ ಒಂದು ಪುಸ್ತಕ, ಕೇಳಿದ ಮಾತೆಲ್ಲ ಬರ್ಕೊಳ್ಳೋದು. "ಡೆನ್ಸೊ, ತಾಂಪೊ ಅಂದ್ರೇನು?" ಅಂದ. ಕೋಪ ಅಂದೆ. ಬರ್ಕೊಂಡ. ಆಮೇಲೆ ನಂಗೇ ಸಮಾಧಾನ ಆಗ್ಲಿಲ್ಲ. ಹೊಡೆದುಹಾಕು, ಕೋಪ ಅಲ್ಲ ಅಂದೆ. ಕೋಪ ಬಂದೋನು ಕಿರುಚ್ತಾನೆ, ಇದ್ರಲ್ಲಿ ಸದ್ದೇ ಇಲ್ಲ. ಹಾಗಾದ್ರೆ ದುಃಖನಾ ಅಂದ. ಅದನ್ನೂ ಹೊಡೆದುಹಾಕು ಅಂದೆ. ದ್ವೇಷ? ಥೂ, ದ್ವೇಷ ಇದ್ದೋರ ಮೇಲೆ ಯಾರಾದ್ರೂ ತಾಂಪೊ ಮಾಡ್ತಾರಾ? ನಮ್ಮೋರು ಅನ್ನಿಸ್ಕೊಂಡೋರ ಮೇಲೆ ಮಾತ್ರ. ಪಾಪ, ಅವನ ಪುಟದ ತುಂಬಾ ಬರೀ ಗೀಟು.

ನಗ್ತೀಯಾ? ನಗಬೇಡ, ಕೆನ್ನೆ ಕುಯ್ದುಹೋಗುತ್ತೆ.

ಕೊನೆಗೆ ನನ್ನ ಹೆಂಡ್ತೀದೇ ಉದಾಹರಣೆ ಕೊಟ್ಟೆ. ಪೆರ್ಲಿಟಾ ಹುಟ್ಟಿದ ದಿನ ನಾನು ಮರೆತುಬಿಟ್ಟೆ. ಬೈಲಿಲ್ಲ ಅವಳು. ಮೀನು ಹುರಿದ್ಲು, ಅನ್ನ ಹಾಕಿದ್ಲು. ಏನಾಯ್ತೇ ಅಂದ್ರೆ ಏನಿಲ್ಲ ಅಂದ್ಲು. ನಾಲ್ಕು ದಿನ ಏನಿಲ್ಲ. ಐದನೇ ದಿನ ನಲ್ಲಿವರೆಗೂ ಅವಳ ಹಿಂದೆ ಹಿಂದೆ ಹೋಗಿ, ಬಕೆಟ್ ಹೊತ್ತು, ಓಣಿಯೋರೆಲ್ಲ ನೋಡ್ತಿದ್ದ ಹಾಗೇ ರಮಿಸ್ದೆ. ಆಗ ಬೈದ್ಲು. ಬೈದ್ಲು ಅಂದ್ರೆ ಮುಗೀತು ಅಂತ.

ಬಿಳಿಯನಿಗೆ ಇದು ಅರ್ಥ ಆಯ್ತು. ನೋಯಿಸಿದೋರೇ ಬಂದು ರಮಿಸಬೇಕು, ನೊಂದೋನು ತಾನಾಗಿ ಬಾಯಿ ಬಿಡೋ ಹಾಗಿಲ್ಲ... ಅಷ್ಟೆಲ್ಲ ಈ ಒಂದು ಮಾತಲ್ಲಿದೆಯಾ ಅಂದ. ಇದೆ ಅಂದೆ. ಸುಮ್ನಿರಬಾರದಾ, ಇನ್ನೊಂದು ಕೇಳ್ದ. ರಮಿಸಬೇಕಾದೋರು ಅಷ್ಟ್ರಲ್ಲಿ ಸತ್ತುಹೋದ್ರೆ?

ತಲೆ ಬಗ್ಗಿಸು ಅಂದೆ. ಹಿಂದಿನ ಕೂದಲು ಬಾಕಿ ಇತ್ತು.

ಗದ್ದ ಎತ್ತು. ಹಾಂ, ಹಾಗೇ... ಬೆಳಿಗ್ಗೆ ಅಮ್ಮನ ಸಮಾಧಿಗೆ ಹೋಗಿದ್ಯಂತೆ. ನನ್ನನ್ನೂ ಕರೀಬಹುದಿತ್ತು. ಇರ್ಲಿ. ಹಡಗಿಂದ ಇಳಿದು ಮೊದಲು ಅಲ್ಲಿಗೇ ಹೋದ್ಯಲ್ಲ, ಅದು ಸರಿ. ಹೋದ ಸಲ ನೀನು ಬರೋಷ್ಟ್ರಲ್ಲಿ ಮಣ್ಣು ಮಾಡಿ ಹನ್ನೊಂದು ದಿನ ಆಗಿತ್ತು. ಎರಡು ವರ್ಷ ಆಯ್ತು ನೋಡು. ನಾನು ಆವತ್ತೇ ಹೇಳಿದ್ನಲ್ಲ, ಚಂಡಮಾರುತಕ್ಕೆ ಟವರ್ ಬಿದ್ದಿತ್ತು, ಫೋನ್ ಹತ್ತಲಿಲ್ಲ.

ಏನು? ಕನ್ನಡೀಲಿ ಯಾಕೆ ಹಾಗೆ ನೋಡ್ತೀಯ?

ಬಿದ್ದಿತ್ತು ಅಣ್ಣ. ಬೇಕಾದ್ರೆ ಪೆರ್ಲಿಟಾನ ಕೇಳು... ಬೇಡ, ಅವಳನ್ನ ಕೇಳಬೇಡ. ಅಮ್ಮ ಹಾಸಿಗೆ ಹಿಡಿದ ವಾರ ಗಾಳಿ... ಆ ವಾರ ಅಲ್ಲ, ಎಲ್ಲಾ ಮುಗಿದ ಮೇಲಿನ ವಾರ.

ಹಡಗಿನೋನು ನೀನು. ಯಾವ ಗಾಳಿ ಯಾವತ್ತು ಎಲ್ಲಿ ಬೀಸ್ತು ಅಂತ ಬೇರೆಯೋರು ನಿನ್ನ ಕೇಳಿ ತಿಳ್ಕೋಬೇಕು. ನಿಂಗೆ ನಾನು ಗಾಳಿ ಬಗ್ಗೆ ಸುಳ್ಳು ಹೇಳ್ದೆ.

ಟವರ್ ಚೆನ್ನಾಗಿತ್ತು.

ಒಂಬತ್ತು ದಿನ ಮಲಗಿದ್ಲು ಅಮ್ಮ. ಒಂಬತ್ತು ದಿನಾನೂ ಗಂಜಿ ಕುಡಿಸಿದ್ದು ನಾನು. ಚಮಚ ಬಾಯಿ ಹತ್ರ ಹಿಡಿದ್ರೆ ಕಣ್ಣು ಬಿಟ್ಟು, ನನ್ನ ಮುಖ ನೋಡ್ಕೊಂಡೇ, "ಪಿದ್ಯೊಂಗ್ ಉಂಡನಾ?" ಅಂತ ನಿನ್ನನ್ನೇ ಕೇಳೋಳು. ನಾನು ಡೆನ್ಸೊ ಅಮ್ಮ ಅಂದ್ರೆ, "ಹ್ಞೂ. ಪಿದ್ಯೊಂಗ್‌ಗೆ ಬರೋಕೆ ಹೇಳು" ಅನ್ನೋಳು. ಬೆಳಿಗ್ಗೆ ನೀನು, ಸಂಜೆ ನೀನು. ನಂಗೂ ಬಂತು. ನಲವತ್ತನಾಲ್ಕು ವರ್ಷದ ಗಂಡಸಿಗೆ, ಸಾಯೋಕೆ ಬಿದ್ದಿರೋ ತಾಯಿ ಮೇಲೆ, ತಾಂಪೊ. ಒಂದ್ಸಲ ನನ್ನ ಹೆಸರು ಹಿಡಿದು ಕರೀಲಿ, ಆಮೇಲೆ ಅಣ್ಣನಿಗೆ ಫೋನ್ ಮಾಡ್ತೀನಿ ಅಂದ್ಕೊಂಡೆ. ಇವತ್ತು ಕರೀತಾಳೆ, ನಾಳೆ ಕರೀತಾಳೆ... ನಿನ್ನ ನಂಬರ್ ತೆಗೆದು ಕೈಲಿಟ್ಕೊಂಡೇ ಮಂಚದ ಪಕ್ಕ ಕೂತಿರ್ತಿದ್ದೆ. ಶುಕ್ರವಾರ ಮಧ್ಯಾಹ್ನ ಹೋದ್ಲು.

ಕರೀಲಿಲ್ಲ.

ಬೈಯಿ. ಏನಾದ್ರೂ ಅನ್ನು.

ಊರೋರಿಗೆ ಹಡಗಿನ ನಂಬರ್ ಹತ್ತಲಿಲ್ಲ ಅಂದೆ, ಮನಿಲಾದ ಚಿಕ್ಕಮ್ಮನಿಗೆ ಟವರ್ ಬಿತ್ತು ಅಂದೆ. ಎಲ್ಲರೂ ನಾಲ್ಕು ನಾಲ್ಕು ಪ್ರಶ್ನೆ ಕೇಳಿದ್ರು, ನಂಬಿದ್ರು. ನೀನೊಬ್ಬ ಕೇಳಲಿಲ್ಲ. ಆವತ್ತೂ ಒಂದು ಮಾತಿಲ್ಲ, ಇವತ್ತೂ...

ನಿಂಗೆ ಗೊತ್ತಿತ್ತು.

ಎರಡು ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಕೆಳಪೇಟೆ ಕ್ಷೌರದಂಗಡಿ ಬಿಟ್ಟು ಇಲ್ಲಿಗೇ ಬಂದು ನನ್ನ ಕೈಗೆ ಕತ್ತು ಕೊಟ್ಟು ಕೂತಿದೀಯ.

ಎಡಗಡೆ ಇನ್ನೂ ಬಾಕಿ ಇದೆ ಅಣ್ಣ. ಸ್ವಲ್ಪ ತಾಳು. ಕತ್ತಿ ಕೆಳಗಿಡ್ತೀನಿ.