ಹೆಗಲಿಗೆ ಎರಡು ಸಲ

ಬೆಳಗಾವಿಯಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದ ಪ್ರಮಿಳಾಳಿಗೆ ಪರರ ಮಾತು ಕದ್ದು ಕೇಳುವ ಚಟವೇನೂ ಇರಲಿಲ್ಲ. ಆದರೆ ಪಕ್ಕದ ಮುದುಕನಿಗೆ ಕಿವಿ ಮಂದ. ಅವನ ಗೆಳೆಯ ಕೂಗಿ ಕೂಗಿ ಮಾತಾಡುತ್ತಿದ್ದುದು ನಿಲ್ದಾಣಕ್ಕೆಲ್ಲ ಕೇಳುತ್ತಿತ್ತು.

“ಬಸಲಿಂಗಣ್ಣ, ಸ್ಕೂಟರ್ ಎಲ್ಲಿ? ಕೆಟ್ಟೈತೇನು?”

“ಚಲೋ ಐತೋ ಸಾತಪ್ಪ. ಹಿಂದ ಕುಂದ್ರಾಕಿ ಇಲ್ಲ.”

“ಒಬ್ಬಾವನ ಹೊಡ್ಕೊಂಡ ಹೋಗಬೇಕಪಾ!”

“ವಡಗಾವಿ ಮಗ್ಗದ ಸಪ್ಪಳಕ್ಕ ನನ್ನ ಕಿವಿ ಹೋದ್ವು. ಈ ಸಿಟಿ ಗದ್ದಲದಾಗ ಹಿಂದಿನ ಹಾರ್ನ್ ಕೇಳಂಗಿಲ್ಲ. ಗಾಡಿ ಬಂದ್ರ ಅಕಿ ನನ್ನ ಹೆಗಲಿಗೆ ಒಮ್ಮೆ ಬಡೀತಿದ್ಲು, ನಾ ನಿಲ್ತಿದ್ದೆ. ಎರಡ ಸಲ ಬಡದ್ರ ಹಾದಿ ಖಾಲಿ, ಹೋಗೂದು.”

“ಕನ್ನಡಿ ಐತಲ್ಲ?”

“ಕನ್ನಡ್ಯಾಗ ಅಕಿ ಮಾರಿ ನೋಡ್ತಿದ್ದೆ.”

ಸಾತಪ್ಪ ನಕ್ಕ. ಮುದುಕ ನಗಲಿಲ್ಲ.

“ವೈನಿ ಯಾವಾಗ ಬರ್ತಾರ?” ಎಂದು ಸಾತಪ್ಪ ಗೆಳೆಯನ ಹೆಂಡತಿಯನ್ನು ವಿಚಾರಿಸಿದ.

“ಖಾನಾಪುರದಾಗ ಅಕಿ ಅವ್ವ ಹಾಸಿಗಿ ಹಿಡದಾಳ. ಬಿಟ್ಟ ಹ್ಯಾಂಗ ಬರ್ತಾಳ? ಆರ ತಿಂಗಳಾತು. ಐತವಾರಕ್ಕೊಮ್ಮೆ ನಾನ ಹೋಗಿ ಮಾರಿ ನೋಡಿ ಬರ್ತೀನಿ.”

ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಸಾತಪ್ಪ ಅವಸರದಲ್ಲಿ ಗೆಳೆಯನ ಹೆಗಲಿಗೊಂದು ಬಡಿದು, “ಹತ್ತಣ್ಣ, ಹತ್ತು” ಎಂದ. ಮೆಟ್ಟಿಲಿಗೆ ಕಾಲಿಟ್ಟಿದ್ದ ಮುದುಕ ಇಟ್ಟ ಕಾಲು ಇಟ್ಟಂತೆಯೇ ನಿಂತುಬಿಟ್ಟ. ಕಂಡಕ್ಟರ್ ಬೈದರೂ ಅಲುಗಲಿಲ್ಲ.

ಹಿಂದಿದ್ದ ಪ್ರಮಿಳಾ ಕೈ ಚಾಚಿ, ಅದೇ ಹೆಗಲಿಗೆ ಮೆಲ್ಲಗೆ ಎರಡು ಸಲ ಬಡಿದಳು.

“ಹೂಂ, ಗಟ್ಟಿ ಹಿಡ್ಕೊ” ಎಂದು, ತಿರುಗಿಯೂ ನೋಡದೆ, ಮುದುಕ ಬಸ್ಸು ಹತ್ತಿದ.