ಕೈಗೆ ನೀರು ಹಾಕಿದ್ಯೇನು?

ರಾತ್ರಿ ಒಂದೂವರಿ. ಮೈಲಾರಿ ಒಬ್ಬನೇ ಹೋಟೆಲ್ಲಿನಿಂದ ರೂಮಿಗೆ ನಡಕೊಂಡು ಹೊಂಟಾನ. ದಾರ್‍ಯಾಗ ಒಂದು ಆಲದ ಮರ... ಹೌದ್ರಿ, ಮಾರಿಷಸ್ಸಿನ್ಯಾಗೂ ಆಲದ ಮರ ಅದಾವ. ನಗೂದಿದ್ರ ಈಗ ನಕ್ಕುಬಿಡ್ರಿ, ಆಮ್ಯಾಲೆ ನಕ್ರ ನಾ ಎದ್ದು ಹೋಗಾಂವ.

ಹಿಂದ ಸಪ್ಪಳ. ಪಚಕ್... ಪಚಕ್... ನೀರು ತುಂಬಿದ ಬೂಟಿನ್ಯಾಗ ಕಾಲಿಟ್ರ ಆಗ್ತದಲ್ಲ, ಹಂಗ. ಇಂವ ನಿಂತ್ರ ಅದೂ ನಿಲ್ತು. ನಡದ್ರ ಅದೂ ನಡೀತು.

“ಯಾರ್ರಿ?” ಅಂದ, ಸಣ್ಣ ದನಿಲೆ.

ಕರದ ಎಣ್ಣಿ ವಾಸನಿ ಬಂತು.

ಹೊಳ್ಳಿ ನೋಡಲಿಲ್ಲ. ಹಿಂದ ಬರಾಕತ್ತಾಂವ ಯಾರು ಅಂತ ಅವಗ ಗೊತ್ತಿತ್ತು. ಅರ್ಧಾ ತಾಸಿನ ಹಿಂದ ತಾನ ಅವನ್ನ ಊಟಕ್ಕ ಕರದಿದ್ದ.

ಮೈಲಾರಿ ಅಂದ್ರ ಮೈಲಾರಲಿಂಗ, ನಮ್ಮ ಕಾಕಾನ ಮಗ. ಮಾಸೂರಿನಾಂವ. ನಾನಂತೂ ಶಿಗ್ಗಾಂವದ ಕಾಳಿನ ಪ್ಯಾಟ್ಯಾಗ ಇಪ್ಪತ್ತು ವರ್ಷ ತಕ್ಕಡಿ ಹಿಡದಾಂವ, ಅಂದಾಜಿನ ಮಾತು ಆಡಂಗಿಲ್ಲ. ಹುಡುಗ ಹುಬ್ಬಳ್ಳ್ಯಾಗ ಅಡಗಿ ಕಾಲೇಜು ಕಲಿತಿದ್ದ. ಕಡೀ ವರ್ಷ ಆರು ತಿಂಗಳ ಟ್ರೇನಿಂಗ್ ಅಂತ ಆ ದೇಶಕ್ಕ ಕಳಿಸಿದ್ರು, ಸಮುದ್ರದ ದಂಡಿ ಮ್ಯಾಲಿನ ಒಂದು ಹೋಟೆಲ್ಲಿಗೆ. ಹೆಸರು ಹೇಳಂಗಿಲ್ಲ. ಅಲ್ಲಿ ದೊಡ್ಡ ಶೆಫ್ ಒಬ್ಬಾಂವ ಇದ್ದ. ಅವನ ಸಹಿ ಬಿದ್ರ ಸರ್ಟಿಫಿಕೇಟು, ಇಲ್ಲಂದ್ರ ಮೂರು ವರ್ಷದ ಓದು ನೀರಾಗ. ಅದು ಆ ಭಾಡ್ಯಾಗ ಚಲೋ ಗೊತ್ತಿತ್ತು. ಹುಡುಗರ ಬೆನ್ನಿಗೆ ಕಾದ ಇಕ್ಕಳ ಒತ್ತತಿದ್ದ. ಉಳ್ಳಾಗಡ್ಡಿ ದಪ್ಪ ಹೆಚ್ಚಿದಿ ಅಂತ ನಮ್ಮ ಮೈಲಾರಿ ಬಾಯಿಗೆ ಸೌಟಿಲೆ ಹೊಡದು ಮುಂದಿನ ಹಲ್ಲು ಉದರಿಸಿದ್ದ. ಹುಡುಗ ರಕ್ತ ನುಂಗಿಕೊಂಡು ‘ಸಾರಿ ಶೆಫ್’ ಅಂದಿದ್ದ.

ಆ ರಾತ್ರಿ ಎಲ್ಲಾರೂ ಹೋದ ಮ್ಯಾಲೆ ಮೈಲಾರಿ ಅಡಗಿಮನಿ ಹಿಂದಿನ ಬಾಗಲದ ಹತ್ರ ಉಣ್ಣಾಕ ಕುಂತಾನ. ಅನ್ನ, ಮೊಸರು, ಅವ್ವ ಕಟ್ಟಿ ಕೊಟ್ಟ ಶೇಂಗಾ ಚಟ್ನಿ. ತಲಿ ಎತ್ತಿದ್ರ ಬಾಗಲದಾಗ ಯಾರೋ ನಿಂತಾನ. ಅಡಗಿಯವರ ಬಿಳಿ ಕೋಟು, ಕುತ್ತಿಗಿ ಮಟಾ ಗುಂಡಿ. ಮಾರಿ ಕತ್ತಲದಾಗೈತಿ. ತಾಟನ್ನ ನೋಡಾಕತ್ತಾನ.

ಹಾನಗಲ್ಲ ಇರ್ಲಿ, ಹಿರೇಕೆರೂರ ಇರ್ಲಿ, ಉಣ್ಣಾಗ ಯಾರರ ಎದುರಿಗೆ ಬಂದ್ರ ನಾವೇನಂತೇವಿ? ಬಾಯಿಗೆ ತಾನ ಬರ್ತೈತಿ. ಇವಗೂ ಬಂತು.

“ಬರ್ರಿ... ಊಟಕ್ಕ.”

ನಮ್ಮಾವರಾದ್ರ ‘ನಮ್ದಾತ್ರಿ, ನೀವು ಮಾಡ್ರಿ’ ಅಂತಾರ, ಅಲ್ಲಿಗೆ ಮುಗೀತು. ಆಂವ ಹಂಗ ಅನ್ನಲಿಲ್ಲ... ಬಂದ. ಎದುರಿಗೆ ಕುಂತ.

ಬೆಳಕಿಗೆ ಮಾರಿ ಕಾಣಿಸ್ತು. ಎಡಕಿನ ಅರ್ಧಾ ಮಾರಿ ಹುಡುಗನ್ದು, ಇಪ್ಪತ್ತೆರಡು ವರ್ಷದ್ದು. ಬಲಕಿನ ಅರ್ಧಾ ಮಿರ್ಚಿ ಕರದಂಗ ಉಬ್ಬಿ ಒಡದಿತ್ತು. ಕಣ್ಣಿನ ಜಾಗಾದಾಗ ಬರೇ ಗುಳ್ಳಿ. ತಾಟಿಗೆ ಕೈ ಹಾಕಿದ. ಕರಮ್... ಕರಮ್... ಮೊಸರನ್ನ ತಿಂದ್ರ ಕರಮ್ ಅಂತೈತೇನ್ರಿ? ಅನ್ನದ ಜೋಡಿ ತನ್ನ ಹಲ್ಲೂ ಅಗದು ನುಂಗಾಕತ್ತಿದ್ದ. ಉಂಡಾದ ಮ್ಯಾಲೆ ಎಂಜಲ ಕೈ ಮುಂದ ಹಿಡದು ಕುಂತ. ಎಷ್ಟೋ ಹೊತ್ತು. ಮೈಲಾರಿ ತಾಟು ಬಿಟ್ಟು ಗ್ವಾಡಿಗೆ ಸರದ. ಕಡೀಕ ಆ ಕೈಲೆ ಇವನ ಬಲಗೈ ಹಿಡದ. ಚರ್‍ ಅಂತು. ಬಿಟ್ಟಾಗ ಮಣಿಕಟ್ಟಿನ ಮ್ಯಾಲೆ ಐದು ಬೆರಳು ಸುಟ್ಟು ಮೂಡಿದ್ವು.

ಆ ರಾತ್ರೀನ ಆಲದ ಮರದಡಿ ಹಿಂದ ಬಂದಿದ್ದು.

ಮುಂದ ದಿನಾ ಬರಾಕತ್ತಿದ. ಬ್ಯಾರೆ ಕಡೆ ಉಂಡ್ರ ಅಲ್ಲಿಗೂ ಬಂದ. ಉಪವಾಸ ಇದ್ರ ರೂಮಿಗೆ ಬಂದು, ಹಾಸಿಗಿ ಮಗ್ಗಲಕ್ಕ ಕುಂತು, ಎಂಜಲ ಕೈ ಮುಂದ ಹಿಡದ. ಹೋಗಾಗ ಅದ ಜಾಗಾ ಹಿಡಿಯೂದು. ಅದ ಚರ್‍... ಎಂಟು ದಿನದಾಗ ಮೈಲಾರಿ ಬಲಗೈಯಾಗ ಚಾಕು ನಿಲ್ಲದಂಗಾತು. ಅಡಗಿ ಮಾಡಾಂವಗ ಕೈ ಹೋದ್ರ ಏನುಳೀತ್ರಿ?

ಪಾತ್ರಿ ತಿಕ್ಕೂ ಮುದುಕ ಒಬ್ಬಾಂವ ಇವನ ಕೈ ನೋಡಿ ಮೂಲಿಗೆ ಕರಕೊಂಡು ಹೋದ. ಅವನ ಹಿಂದಿ ನಾ ನಮ್ಮ ಮಾತಿನ್ಯಾಗ ಹೇಳತೇನಿ.

“ಹೋದ ವರ್ಷದ ಹುಡುಗ ಅಂವ. ಶೆಫ್ ಸಿಟ್ಟಿಗೆದ್ದು ಎಣ್ಣ್ಯಾಗ ಮಾರಿ ಅದ್ದಿದ. ಕಾಲು ಜಾರಿ ಬಿದ್ದು ಸತ್ತ ಅಂತ ಬರಸಿದ್ರು. ಆ ರಾತ್ರಿ ಊಟಾನೂ ಮಾಡಿದ್ದಿಲ್ಲ... ಬಾಗಲದಾಗ ನಿಂತ್ರೂ ನಾವ್ಯಾರೂ ಅವನ್ನ ನೋಡಂಗಿಲ್ಲ. ನೀ ಯಾಕ ಕರದಿ?”

ಯಾಕ ಅಂದ್ರ ಏನು ಹೇಳಬೇಕ್ರಿ? ಮೈಲಾರಿ ಅವ್ವಗ ಫೋನ್ ಹಚ್ಚಿದ. ನಮ್ಮ ಭರಮವ್ವ ಚಿಗವ್ವ ದೆವ್ವಕ್ಕ ಅಂಜಾಕಿ ಅಲ್ಲ, ದೆವ್ವನ ಆಕಿಗೆ ಅಂಜಬೇಕು. ಎಲ್ಲಾ ಕೇಳಿ ಒಂದ ಮಾತು ಕೇಳಿದ್ಲು.

“ಉಂಡ ಮ್ಯಾಲೆ ಕೈಗೆ ನೀರು ಹಾಕಿದ್ಯೇನು?”

“ಇಲ್ಲಬೇ...”

“ಮತ್ತ ಎಂಜಲ ಕೈಲೆ ಹೆಂಗ ಏಳತಾನೋ ಹುಚ್ಚಪ್ಯಾಲಿ? ಕರದಾಂವ ನೀನು, ನೀನ ಹಾಕಬೇಕು. ಕೈ ಪೂರಾ ಸ್ವಚ್ಛ ಆಗೂಮಟಾ ಹಾಕು. ನಡುವ ನಿಲ್ಲಸಬ್ಯಾಡ.”

ಆ ರಾತ್ರಿ ಮೈಲಾರಿ ಹಿಂದಿನ ಬಾಗಲದಾಗ ತಾನಾಗೇ ಬಡಿಸಿದ. ಆಂವ ಬಂದ, ಉಂಡ, ಕೈ ಮುಂದ ಮಾಡಿದ. ಮೈಲಾರಿ ಸ್ಟೀಲಿನ ಜಗ್ಗಿಲೆ ನೀರು ಬಿಟ್ಟ. ಚುಂಯ್... ಹಬಿ ಎದ್ದಿತು. ಆಂವ ಉಜ್ಜಿಕೊಳ್ಳಾಕತ್ತಿದ, ಒಂದೊಂದ ಬೆರಳು, ಸಾಲಿಗೆ ಹೋಗೂ ಹುಡುಗರು ತೊಳಕೊಂಡಂಗ. ಮೈಲಾರಿ ಅಂಜಿಕಿ ಎಲ್ಲಿ ಹೋತೋ, ಜಗ್ಗು ಇನ್ನಷ್ಟು ಬಗ್ಗಿಸಿದ. ಹಸಗೊಂಡು ಸತ್ತ ಹುಡುಗ. ತನ್ನ ವಯಸ್ಸಿನ ವಾರಿಗಿಯಾಂವ.

ಆಗ ಬಾಗಲ ಧಡ್ ಅಂತು.

ಶೆಫ್. ಕುಡದಿದ್ದ. ಅವನ ಕಣ್ಣಿಗೆ ಕಂಡಿದ್ದು ಮೈಲಾರಿ ಒಬ್ಬನ, ನೆಲಕ್ಕ ನೀರು ಸುರುವಾಕತ್ತಿದ್ದು. ಜಗ್ಗು ಕಸಕೊಂಡು ಅದರ್ಲೇ ಹಣಿಗೆ ಹೊಡದ. ಠಣ್! ರಕ್ತ ಕಣ್ಣಾಗ ಇಳೀತು. ಕೂದಲ ಹಿಡದು ದರದರ ಎಳಕೊಂಡು ಹೋದ. ಕರಿಯೂ ಎಣ್ಣಿ ಇನ್ನೂ ಕಾದಿತ್ತು. ಮೈಲಾರಿ ಮಾರಿ ಎಣ್ಣಿಗೆ ಗೇಣು ಅಂತರ... ಆಮ್ಯಾಲೆ ನಾಕು ಬೆರಳು... ರೆಪ್ಪಿ ಸುಡಾಕತ್ತಿತ್ತು.

ಪಚಕ್... ಪಚಕ್...

ಶೆಫ್‌ನ ಕೈ ಸಡಲಾತು. ಮೈಲಾರಿ ಕೆಳಗ ಬಿದ್ದ. ಮ್ಯಾಲೆ ನೋಡಿದ್ರ ಒಂದು ಹಸಿ ಕೈ ಶೆಫ್‌ನ ಕುತ್ತಿಗಿ ಹಿಂದ ಕುಂತೈತಿ. ನೀರು ತೊಟಕ್... ತೊಟಕ್... ಅವಸರ ಏನಿಲ್ಲ. ಆ ಹುಡುಗ ಸಾವಕಾಶ ಬಗ್ಗಿಸಿದ. ನೀರು ತಾಗಿ ಎಣ್ಣಿ ಚಟಚಟಚಟ ಸಿಡದು ಗ್ವಾಡಿಗೆ ಬಡೀತು. ಶೆಫ್‌ನ ಮಾರಿ ಮುಳುಗಿತು. ಬೂಟುಗಾಲು ನೆಲಕ್ಕ ದಬದಬ ಬಡಿದ್ವು. ಒದರೂ ದನಿ ಎಣ್ಣ್ಯಾಗ ಬುಳುಬುಳು ಅಂತು. ಎತ್ತಿದ... ಉಸಿರು ತಗೊಳ್ಳಾಕ ಬಿಟ್ಟ... ಮತ್ತ ಅದ್ದಿದ. ಮೂರು ಸಲ.

ಎರಡನೇ ಸಲ ಎತ್ತಿದಾಗ ಶೆಫ್ ಒಂದು ಕೈ ಮೈಲಾರಿ ಕಡೆ ಚಾಚಿದನಂತ. ಕರದಾಂವ ಮೈಲಾರಿ. ಅವನ ಮಾತು ನಡೀತಿತ್ತೋ ಏನೋ. ‘ಸಾಕ್ರಿ, ಬಿಡ್ರಿ’ ಅಂತ ಒಂದ ಮಾತು... ಇದನ್ನ ಹೇಳಾಗ ನನ್ನ ಎದುರಿಗೆ ಹುಡುಗ ಬಿಕ್ಕಿ ಬಿಕ್ಕಿ ಅತ್ತ.

“ಅಣ್ಣಾ, ಬಾಯಿ ತೆರದಿದ್ದೆ. ಉದರಿದ ಹಲ್ಲಿನ ಜಾಗಾಕ್ಕ ನಾಲಿಗಿ ತಾಗಿತು... ಬಾಯಿ ಮುಚ್ಚಿದೆ.”

ಪೊಲೀಸರು ಕ್ಯಾಮೆರಾ ನೋಡಿದ್ರು. ಮೈಲಾರಿ ನೆಲದ ಮ್ಯಾಲೆ ಬಿದ್ದಾನ, ಶೆಫ್ ತಾನ ಬಗ್ಗ್ಯಾನ, ಮೂರು ಸಲ. ಮೈಲಾರಿನ್ನ ಬಿಡುಗಡಿ ಮಾಡಿ ವಿಮಾನ ಹತ್ತಿಸಿದ್ರು. ಸಹಿ ಮಾಡಾಂವನ ಇಲ್ಲ, ಸರ್ಟಿಫಿಕೇಟೂ ಇಲ್ಲ. ಈಗ ಶಿಗ್ಗಾಂವದ ಹೈವೇ ಮ್ಯಾಲೆ ಒಂದು ಧಾಬಾದಾಗ ಅಡಗಿ ಮಾಡತಾನ. ಆ ಸತ್ತ ಹುಡುಗ ಮತ್ತ ಕಂಡಿಲ್ಲಂತ. ಸಪ್ಪಳಾನೂ ಇಲ್ಲಂತ. ಆದ್ರ ಆ ರಾತ್ರಿ ಕೈ ಪೂರಾ ತೊಳಿಯೂದ್ರಾಗ ನಡುವ ನಿಂತ ನೀರಿನ ಮಾತು ತಗದ್ರ ಚಿಗವ್ವ ಎದ್ದು ಒಳಗ ಹೋಗತಾಳ.

ಮೊನ್ನಿ ಧಾಬಾಕ್ಕ ಹೋಗಿದ್ದೆ. ಮೈಲಾರಿ ತೋಳು ಮ್ಯಾಲೆ ಮಡಚಿ ರೊಟ್ಟಿ ಬಡಿಯಾಕತ್ತಿದ್ದ. ಊರಿಗೆ ಬಂದಾಗ ಆ ಐದು ಬೆರಳು ಮಣಿಕಟ್ಟಿನ ಮ್ಯಾಲಿದ್ವು, ನಾನ ಎಣ್ಣಿ ಹಚ್ಚೇನಿ. ಈಗ ಮೊಣಕೈ ದಾಟಿ ಹೆಗಲ ಕಡೆ ಹೊಂಟಾವ. ನಂಬೂದ್ ಬಿಡೂದ್ ನಿಮಗ ಬಿಟ್ಟಿದ್ದು, ನಾ ಗೇಣು ಹಾಕಿ ಅಳದೇನಿ. ಮಣಿಕಟ್ಟಿನ ಮ್ಯಾಲೆ ಒಂದು ಕಲೀನೂ ಇಲ್ಲ.